ಮಾಲ್‌ಫಂಕ್ಷನ್ 54: ಥೆರಾಕ್-25 ಯಂತ್ರದ ಪ್ರಕರಣ ಅಧ್ಯಯನ

ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ, ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಥೆರಾಕ್-25 ಯಂತ್ರದ ಪ್ರಕರಣ ಬಹುಪಾಲು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಎರಡು ಟಾಸ್ಕ್‌ಗಳು ಒಂದೇ ವೇರಿಯಬಲ್‌ಗೆ ಕೈ ಹಾಕಿದವು, ರೇಸ್ ಕಂಡಿಷನ್ ಆಯಿತು (ಯಾವುದು ಮೊದಲು ಮುಟ್ಟಿತು ಎಂಬುದರ ಮೇಲೆ ಫಲಿತಾಂಶ ಬದಲಾಗುವ ದೋಷ), ರೋಗಿಗಳು ಸತ್ತರು, ಮುಂದಿನ ಪಾಠ. ಹಾಗೆ ಹೇಳಿದರೆ ಹೊಣೆಯೆಲ್ಲ ಕೋಡಿನ ನಾಲ್ಕು ಸಾಲಿನ ತಲೆಗೆ ಕಟ್ಟಿದಂತಾಗುತ್ತದೆ. ನಡೆದದ್ದನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದಿ ನೋಡಿ. ಮೊದಲ ಅಪಘಾತ 1985ರ ಜೂನ್‌ನಲ್ಲಿ, ಆರನೆಯದು 1987ರ ಜನವರಿಯಲ್ಲಿ. ನಡುವಿನ ಹತ್ತೊಂಬತ್ತು ತಿಂಗಳಲ್ಲಿ ಒಂದಾದ ಮೇಲೊಂದು ಆಸ್ಪತ್ರೆ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಯಂತ್ರ ರೋಗಿಗೆ ಮಿತಿಮೀರಿ ವಿಕಿರಣ ಕೊಟ್ಟಿರಬಹುದೇ? ಬಂದದ್ದೂ ಒಂದೇ ಉತ್ತರ: ಸಾಧ್ಯವೇ ಇಲ್ಲ. ಅಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ಎಲ್ಲಿಂದ ಬಂತು ಎಂಬುದೇ ಇಲ್ಲಿ ನೋಡಬೇಕಾದ ವಿಷಯ.

ಯಂತ್ರ

ಥೆರಾಕ್-25 ಕ್ಯಾನ್ಸರ್ ಚಿಕಿತ್ಸೆಯ ಲೀನಿಯರ್ ಆಕ್ಸಿಲರೇಟರ್. ಇಂದಿನ ರೇಡಿಯೋಥೆರಪಿ ವಿಭಾಗಗಳಲ್ಲಿ ಲೀನಾಕ್ ಎಂದು ಕರೆಯುವ ಯಂತ್ರದ ಹಿರಿಯ ತಲೆಮಾರು. ಕೆನಡಾ ಸರ್ಕಾರದ ಒಡೆತನದ ಅಟಾಮಿಕ್ ಎನರ್ಜಿ ಆಫ್ ಕೆನಡಾ ಲಿಮಿಟೆಡ್, ಅಂದರೆ ಎಇಸಿಎಲ್, ಇದನ್ನು ತಯಾರಿಸಿತು. 1982ರ ಕೊನೆಗೆ ಮಾರಾಟಕ್ಕೆ ಬಂತು. ಒಟ್ಟು ಹನ್ನೊಂದು ಯಂತ್ರಗಳು ಸ್ಥಾಪನೆಯಾದವು, ಅಮೆರಿಕದಲ್ಲಿ ಐದು, ಕೆನಡಾದಲ್ಲಿ ಆರು.

ಯಂತ್ರಕ್ಕೆ ಎರಡು ಬಗೆಯ ಕೆಲಸ. ಚರ್ಮದ ಹತ್ತಿರದ ಗೆಡ್ಡೆಗೆ ಎಲೆಕ್ಟ್ರಾನ್ ಕಿರಣವನ್ನೇ ನೇರವಾಗಿ ಕೊಡುತ್ತದೆ. ಒಳಗಿನ ಗೆಡ್ಡೆಗೆ ಅದೇ ಎಲೆಕ್ಟ್ರಾನ್‌ಗಳನ್ನು 25 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಲೋಹದ ಟಾರ್ಗೆಟ್‌ಗೆ ಬಡಿಸಿ ಎಕ್ಸ್-ರೇ ಹುಟ್ಟಿಸುತ್ತದೆ. ಹೀಗೆ ಹುಟ್ಟಿದ ಎಕ್ಸ್-ರೇಯನ್ನು ಸಮನಾಗಿ ಹರಡಲು ಕೆಳಗೊಂದು ಫ್ಲ್ಯಾಟನರ್ ಇರುತ್ತದೆ. ಅದು ಬಹಳಷ್ಟನ್ನು ನುಂಗಿಬಿಡುವುದರಿಂದ ಎಕ್ಸ್-ರೇ ಮೋಡ್‌ನಲ್ಲಿ ಕಿರಣದ ಕರೆಂಟು ಎಲೆಕ್ಟ್ರಾನ್ ಮೋಡ್‌ಗಿಂತ ಸುಮಾರು 100 ಪಟ್ಟು ಹೆಚ್ಚು ಬೇಕು. ಪ್ರಕರಣದ ಅಪಾಯವೆಲ್ಲ ಈ ನೂರು ಪಟ್ಟಿನಲ್ಲಿದೆ.

ಮೋಡ್‌ಗೆ ತಕ್ಕ ಸಾಮಗ್ರಿಯನ್ನು ಕಿರಣದ ದಾರಿಗೆ ತರುವುದು ಒಂದು ತಿರುಗುವ ತಟ್ಟೆ. ಅದಕ್ಕೆ ಮೂರು ಸ್ಥಾನ. ಒಂದರಲ್ಲಿ ಎಲೆಕ್ಟ್ರಾನ್ ಕಿರಣವನ್ನು ಹರಡುವ ಸ್ಕ್ಯಾನಿಂಗ್ ಮ್ಯಾಗ್ನೆಟ್‌ಗಳು, ಇನ್ನೊಂದರಲ್ಲಿ ಟಾರ್ಗೆಟ್ ಮತ್ತು ಫ್ಲ್ಯಾಟನರ್. ಮೂರನೆಯದು ಚಿಕಿತ್ಸೆಗಲ್ಲ, ರೋಗಿಯನ್ನು ಸರಿಯಾದ ಜಾಗದಲ್ಲಿ ಮಲಗಿಸಲು ಬೆಳಕು ಬೀರುವ ಕನ್ನಡಿಯ ಸ್ಥಾನ. ಅಲ್ಲಿ ಪ್ರಮಾಣ ಅಳೆಯುವ ಅಯಾನ್ ಚೇಂಬರ್ ಕೂಡ ಇಲ್ಲ. ತಟ್ಟೆ ಒಂದು ಕಡೆ, ಕಿರಣದ ಕರೆಂಟು ಇನ್ನೊಂದು ಕಡೆ ಆದರೆ ಏನಾಗುತ್ತದೆಂದು ಊಹಿಸಲು ಪರಿಣತಿ ಬೇಕಿಲ್ಲ. ಲೀನಾಕ್ ವಿನ್ಯಾಸ ಮಾಡುವ ಯಾರಿಗೂ ಮೊದಲು ಹೊಳೆಯಬೇಕಾದ ಅಪಾಯವೇ ಇದು.

ಹಳೆಯ ಥೆರಾಕ್-6, ಥೆರಾಕ್-20 ಯಂತ್ರಗಳಲ್ಲಿ ಇದಕ್ಕೆ ಹಾರ್ಡ್‌ವೇರ್ ಇಂಟರ್‌ಲಾಕ್‌ಗಳಿದ್ದವು, ಅಂದರೆ ಅಪಾಯದ ಸ್ಥಿತಿಯಲ್ಲಿ ಯಂತ್ರವನ್ನು ತಡೆಯುವ ಬೀಗಗಳು. ಅವೂ ಪಿಡಿಪಿ-11 ಕಂಪ್ಯೂಟರ್ ಜೋಡಿಸಿದ ಯಂತ್ರಗಳೇ, ಆದರೆ ಕಂಪ್ಯೂಟರ್ ಅಲ್ಲಿ ಅನುಕೂಲಕ್ಕೆ ಮಾತ್ರ. ಅದು ಏನೇ ಹೇಳಲಿ, ತಟ್ಟೆ ತಪ್ಪಿದ್ದರೆ ವಿದ್ಯುತ್ ಸರ್ಕೀಟೇ ಕಿರಣವನ್ನು ತಡೆಯುತ್ತಿತ್ತು. ಥೆರಾಕ್-25 ಮಾಡುವಾಗ ಸುರಕ್ಷತೆಯ ಕೆಲಸವನ್ನೂ ಸಾಫ್ಟ್‌ವೇರಿಗೆ ಒಪ್ಪಿಸಿ, ಆ ಬೀಗಗಳಲ್ಲಿ ಹಲವನ್ನು ಬಿಟ್ಟುಬಿಟ್ಟರು. ಸಾಫ್ಟ್‌ವೇರ್ ಮಾತ್ರ ಹೊಸದಾಗಿ ಹುಟ್ಟಿದ್ದಲ್ಲ. 1972ರಲ್ಲಿ ಥೆರಾಕ್-6ಕ್ಕೆಂದು ಆರಂಭವಾಗಿ, ಪಿಡಿಪಿ-11 ಅಸೆಂಬ್ಲಿ ಭಾಷೆಯಲ್ಲಿ, ಒಬ್ಬನೇ ಪ್ರೋಗ್ರಾಮರ್ ಹಲವು ವರ್ಷ ಬೆಳೆಸಿಕೊಂಡು ಬಂದದ್ದು; ಥೆರಾಕ್-20ರ ಕೆಲವು ಭಾಗಗಳೂ ಅದರಲ್ಲಿ ಸೇರಿದ್ದವು. ಬೀಗದ ಹಿಂದೆ ಕೂತು ಬರೆದ ಕೋಡು, ಬೀಗ ತೆಗೆದ ಮನೆಗೆ ಕಾವಲುಗಾರನಾಯಿತು.

ಸೊನ್ನೆ ಕೊಟ್ಟ ಲೆಕ್ಕ

1983ರ ಮಾರ್ಚ್‌ನಲ್ಲಿ ಎಇಸಿಎಲ್ ಸುರಕ್ಷತಾ ವಿಶ್ಲೇಷಣೆ ಮಾಡಿಸಿತು. ಫಾಲ್ಟ್ ಟ್ರೀ ವಿಧಾನ: ಆಗಬಾರದ ಘಟನೆಯನ್ನು ಮೇಲೆ ಬರೆದು, ಅದಕ್ಕೆ ಕಾರಣವಾಗಬಲ್ಲವುಗಳನ್ನು ಕೊಂಬೆಗಳಾಗಿ ಕೆಳಗಿಳಿಸುತ್ತಾ ಹೋಗುವುದು. ವಿಧಾನ ಒಳ್ಳೆಯದೇ. ಆದರೆ ಈ ಮರದಲ್ಲಿ ಸಾಫ್ಟ್‌ವೇರ್ ಎಂಬ ಕೊಂಬೆಯನ್ನೇ ಕತ್ತರಿಸಿದ್ದರು. ಪ್ರೋಗ್ರಾಮಿಂಗ್ ದೋಷಗಳನ್ನು ಸಿಮ್ಯುಲೇಟರ್‌ನಲ್ಲೂ ಬಳಕೆಯಲ್ಲೂ ಪರೀಕ್ಷಿಸಿ ಕಡಿಮೆ ಮಾಡಲಾಗಿದೆ, ಸಾಫ್ಟ್‌ವೇರ್ ಸವೆಯುವುದಿಲ್ಲ, ಆದ್ದರಿಂದ ಕಂಪ್ಯೂಟರ್ ತಪ್ಪಿದರೆ ಅದಕ್ಕೆ ಕಾರಣ ಕೆಟ್ಟ ಹಾರ್ಡ್‌ವೇರ್ ಅಥವಾ ಆಲ್ಫಾ ಕಣ ಬಡಿಯುವಂಥ ಆಕಸ್ಮಿಕಗಳು ಮಾತ್ರ. ಇವು ವಿಶ್ಲೇಷಣೆಯ ಗೃಹೀತಗಳು.

ಈ ಗೃಹೀತದ ಮೇಲೆ ಅಂಕಿಗಳೂ ಬಂದವು. ಕಂಪ್ಯೂಟರ್ ತಪ್ಪು ಶಕ್ತಿಯನ್ನು ಆರಿಸುವ ಸಂಭವ ಹತ್ತು ಸಾವಿರ ಕೋಟಿಗೆ ಒಂದು, ತಪ್ಪು ಮೋಡ್ ಆರಿಸುವ ಸಂಭವ ನೂರು ಕೋಟಿಗೆ ನಾಲ್ಕು. ಈ ಅಂಕಿಗಳಿಗೆ ಆಧಾರವೇನೆಂದು ವಿಶ್ಲೇಷಣೆಯಲ್ಲಿ ಸಮಜಾಯಿಷಿ ಇರಲಿಲ್ಲ. ಸಾಫ್ಟ್‌ವೇರ್ ಸವೆಯುವುದಿಲ್ಲ ಎನ್ನುವುದು ನಿಜವೇ. ಸವೆಯದ ವಸ್ತು ಮೊದಲ ದಿನದಿಂದಲೇ ತಪ್ಪಾಗಿರಬಹುದು, ಆ ತಪ್ಪು ಪ್ರತಿ ಯಂತ್ರದಲ್ಲೂ ಯಥಾವತ್ತಾಗಿ ಇರುತ್ತದೆ ಎನ್ನುವುದೂ ಅಷ್ಟೇ ನಿಜ. ಬಿಡಿಭಾಗ ಕೆಡುವ ದರದ ಗಣಿತವನ್ನು ಕೋಡಿಗೆ ಹಚ್ಚಿದಾಗ ಎರಡನೆಯ ಮಾತು ಬಿಟ್ಟುಹೋಯಿತು.

ಪರೀಕ್ಷೆಯ ಮಾತೂ ಇಂಥದ್ದೇ. ಕೋಡನ್ನು 2,700 ಗಂಟೆ ಪರೀಕ್ಷಿಸಲಾಗಿದೆ ಎಂದು ಕಂಪನಿಯ ಗುಣಮಟ್ಟ ವಿಭಾಗದ ವ್ಯವಸ್ಥಾಪಕರು ಬಳಕೆದಾರರ ಸಭೆಯೊಂದರಲ್ಲಿ ಹೇಳಿದರು. ಸಭಿಕರು ಬಿಡದೆ ಕೆದಕಿದಾಗ ಅದು 2,700 ಗಂಟೆಗಳ 'ಬಳಕೆ' ಎಂದಾಯಿತು. ಕೋಡಿನ ಬಿಡಿಬಿಡಿ ಭಾಗಗಳ ಪರೀಕ್ಷೆ ನಡೆದದ್ದು ಅತ್ಯಲ್ಪ, ಬರಹದ ದಾಖಲೆ ಇನ್ನೂ ಕಡಿಮೆ. ಬರೆದ ಪ್ರೋಗ್ರಾಮರ್ 1986ರಲ್ಲಿ ಕಂಪನಿ ಬಿಟ್ಟ. ಆತನ ಓದು, ಅನುಭವದ ಬಗ್ಗೆ ಮುಂದೆ ಮೊಕದ್ದಮೆಗಳಲ್ಲಿ ಕೇಳಿದಾಗ ಹೇಳಬಲ್ಲವರು ಕಂಪನಿಯಲ್ಲಿ ಸಿಗಲಿಲ್ಲ.

ಮೊದಲ ಮೂರು ಆಸ್ಪತ್ರೆಗಳು

ಅಳತೆ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಮೈ ಹೀರಿಕೊಂಡ ವಿಕಿರಣವನ್ನು ಆಗ ರಾಡ್‌ನಲ್ಲಿ ಅಳೆಯುತ್ತಿದ್ದರು. ಒಂದು ಸಲದ ಚಿಕಿತ್ಸೆಗೆ ಸಾಮಾನ್ಯವಾಗಿ 200 ರಾಡ್ ಆಸುಪಾಸು. ಈಗಿನ ಲೆಕ್ಕದಲ್ಲಿ 2 ಗ್ರೇ.

1985ರ ಜೂನ್ 3ರಂದು ಜಾರ್ಜಿಯಾದ ಮ್ಯಾರಿಯೆಟಾದ ಕೆನೆಸ್ಟೋನ್ ಕೇಂದ್ರದಲ್ಲಿ ಮಹಿಳೆಯೊಬ್ಬರಿಗೆ ಕೊರಳೆಲುಬಿನ ಭಾಗದಲ್ಲಿ ಸುಟ್ಟಂತಾಯಿತು. ಅವರಿಗೆ ತಗುಲಿದ್ದು 15,000ದಿಂದ 20,000 ರಾಡ್ ಎಂದು ಆಮೇಲೆ ಅಂದಾಜಾಯಿತು. ಅಲ್ಲಿಯ ಭೌತವಿಜ್ಞಾನಿ ಎಇಸಿಎಲ್‌ಗೆ ಫೋನ್ ಮಾಡಿ, ಎಲೆಕ್ಟ್ರಾನ್ ಕಿರಣ ಹರಡದೆ ಹಾಗೇ ಹೊರಬರಬಹುದೇ ಎಂದು ಕೇಳಿದರು. ಇಲ್ಲ ಎಂಬ ಉತ್ತರ ಬಂತು.

ಜುಲೈ 26ರಂದು ಕೆನಡಾದ ಹ್ಯಾಮಿಲ್ಟನ್. ಯಂತ್ರ ಐದು ಸೆಕೆಂಡಿಗೆ ನಿಂತು, ಡೋಸ್ ಹೋಗಿಲ್ಲ ಎಂದು ತೋರಿಸಿತು. ಆಪರೇಟರ್ 'ಪಿ' ಕೀ ಒತ್ತಿ ಮುಂದುವರಿಸಿದರು. ಮತ್ತೆ ನಿಂತಿತು, ಮತ್ತೆ ಒತ್ತಿದರು. ಹೀಗೆ ನಾಲ್ಕು ಸಲ. ಐದನೆಯ ನಿಲುಗಡೆಗೆ ಯಂತ್ರ ಪೂರ್ತಿ ಸ್ಥಗಿತವಾಯಿತು. ರೋಗಿಗೆ ತಗುಲಿದ್ದು 13,000ದಿಂದ 17,000 ರಾಡ್ ಎಂದು ಕಂಪನಿಯೇ ಆಮೇಲೆ ಅಂದಾಜಿಸಿತು.

ಎಇಸಿಎಲ್ ತನಿಖೆ ಮಾಡಿತು, ಆದರೆ ದೋಷವನ್ನು ಮತ್ತೆ ಹುಟ್ಟಿಸಲಾಗಲಿಲ್ಲ. ತಟ್ಟೆಯ ಸ್ಥಾನ ಹೇಳುವ ಮೂರು ಮೈಕ್ರೋಸ್ವಿಚ್‌ಗಳಲ್ಲಿ ಒಂದು ಕೈಕೊಟ್ಟಿರಬೇಕು ಎಂದು ಊಹಿಸಿ, ಅದನ್ನು ತಿದ್ದಿ, ಸುರಕ್ಷತೆ ಕನಿಷ್ಠ ಒಂದು ಲಕ್ಷ ಪಟ್ಟು ಹೆಚ್ಚಿತು ಎಂದು ಘೋಷಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಾರಣ ಗೊತ್ತಿಲ್ಲದ ಮೇಲೆ ಸುಧಾರಣೆಯನ್ನು ಅಳೆಯುವುದಾದರೂ ಯಾವುದರಿಂದ? ಅದೇ ನವೆಂಬರ್‌ನಲ್ಲಿ ಕೆನಡಾದ ವಿಕಿರಣ ರಕ್ಷಣಾ ಬ್ಯೂರೋ ಹೆಚ್ಚುವರಿ ಹಾರ್ಡ್‌ವೇರ್ ಇಂಟರ್‌ಲಾಕ್ ಕೇಳಿತು, ದೋಷ ಕಂಡಾಗ ಮುಂದುವರಿಸುವ ಆಯ್ಕೆಯನ್ನೇ ತೆಗೆಯಿರಿ ಎಂದಿತು. ನಾಲ್ಕು ತಿಂಗಳ ಬಳಿಕ ಟೆಕ್ಸಸ್‌ನಲ್ಲಿ ಆಪರೇಟರ್ ಒತ್ತಿದ್ದು ಅದೇ 'ಪಿ' ಕೀಯನ್ನು.

ಮೂರನೆಯದು ವಾಷಿಂಗ್ಟನ್ ರಾಜ್ಯದ ಯಾಕಿಮಾ, 1985ರ ಡಿಸೆಂಬರ್. ರೋಗಿಯ ಚರ್ಮದಲ್ಲಿ ಸಮಾನಾಂತರವಾದ ಕೆಂಪು ಪಟ್ಟಿಗಳೆದ್ದವು. ಆಸ್ಪತ್ರೆಯ ಪತ್ರಕ್ಕೆ 1986ರ ಫೆಬ್ರವರಿಯಲ್ಲಿ ಬಂದ ಉತ್ತರ, ಇದು ಯಂತ್ರದಿಂದ ಏಕೆ ಅಸಾಧ್ಯ ಎಂಬುದಕ್ಕೆ ತಾಂತ್ರಿಕ ಕಾರಣಗಳನ್ನು ಕೊಟ್ಟು, ಇಂಥ ಬೇರೆ ಪ್ರಕರಣ ಕಂಡುಬಂದಿಲ್ಲ ಎಂದಿತು. ಹ್ಯಾಮಿಲ್ಟನ್‌ಗೆ ಹೋಗಿ ಬಂದ ಕಂಪನಿಯೇ ಹೀಗೆ ಬರೆದದ್ದು.

ಟೈಲರ್, 1986

ಟೆಕ್ಸಸ್‌ನ ಟೈಲರ್ ಕ್ಯಾನ್ಸರ್ ಕೇಂದ್ರದ ಯಂತ್ರ ಎರಡು ವರ್ಷದಲ್ಲಿ 500ಕ್ಕೂ ಹೆಚ್ಚು ರೋಗಿಗಳಿಗೆ ಚಿಕಿತ್ಸೆ ಕೊಟ್ಟಿತ್ತು. ಮಾರ್ಚ್ 21ರಂದು ಬೆನ್ನಿಗೆ 180 ರಾಡ್ ಎಲೆಕ್ಟ್ರಾನ್ ಚಿಕಿತ್ಸೆ. ಆಪರೇಟರ್ ಪಳಗಿದವರು. ಎಲ್ಲ ವಿವರ ತುಂಬಿದ ಮೇಲೆ ಮೋಡ್ ಜಾಗದಲ್ಲಿ 'ಇ' ಬದಲು 'ಎಕ್ಸ್' ಬಿದ್ದದ್ದು ಕಂಡರು. ಎಕ್ಸ್-ರೇ ಚಿಕಿತ್ಸೆಯೇ ಹೆಚ್ಚಾದ್ದರಿಂದ ಬೆರಳಿಗೆ 'ಎಕ್ಸ್' ರೂಢಿ. ಕರ್ಸರನ್ನು ಮೇಲೆ ಒಯ್ದು 'ಇ' ಮಾಡಿ, ಉಳಿದವಕ್ಕೆ ರಿಟರ್ನ್ ಒತ್ತುತ್ತಾ ಸರಸರನೆ ಕೆಳಗಿಳಿದರು. ಪರದೆಯಲ್ಲಿ ಎಲ್ಲವೂ ಸರಿ, ಕಿರಣ ಸಿದ್ಧ. 'ಬಿ' ಒತ್ತಿದರು. ಮಾಲ್‌ಫಂಕ್ಷನ್ 54 ಎಂದು ಯಂತ್ರ ನಿಂತಿತು. ಕೇಳಿದ್ದು 202 ಯೂನಿಟ್, ಹೋದದ್ದು 6 ಎಂದು ತೋರಿಸಿತು. 'ಪಿ' ಒತ್ತಿದರು.

ಒಳಗೆ ರೋಗಿಗೆ ಮೊದಲ ಹೊಡೆತಕ್ಕೇ ಶಾಕ್ ಹೊಡೆದಂತಾಗಿ ಏಳಲು ಹೊರಟಿದ್ದರು, ಎರಡನೆಯದೂ ಬಿತ್ತು. ಅವರು ಬಂದು ಬಾಗಿಲು ಬಡಿದಾಗಲೇ ಹೊರಗಿನವರಿಗೆ ತಿಳಿದದ್ದು. ಅಂದು ಕೋಣೆಯ ವಿಡಿಯೋ ಜೋಡಣೆಯಾಗಿರಲಿಲ್ಲ, ಧ್ವನಿ ಸಾಧನ ಕೆಟ್ಟಿತ್ತು. ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ, ಸುಮಾರು ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ 16,500ರಿಂದ 25,000 ರಾಡ್ ಬಿದ್ದಿತ್ತೆಂದು ಅಂದಾಜು. ಐದು ತಿಂಗಳಿಗೆ ಅವರು ತೀರಿಕೊಂಡರು.

ಆಪರೇಟರ್‌ದು ತಪ್ಪೇ? ಆ ಪರದೆಯನ್ನು ಅವರ ಜಾಗದಲ್ಲಿ ಕೂತು ನೋಡಬೇಕು. ದೋಷದ ಸಂದೇಶ ಎಂದರೆ 'ಮಾಲ್‌ಫಂಕ್ಷನ್' ಎಂಬ ಪದ, ಪಕ್ಕದಲ್ಲಿ 1ರಿಂದ 64ರವರೆಗಿನ ಒಂದು ಸಂಖ್ಯೆ. 54 ಎಂದರೇನೆಂದು ಆಪರೇಟರ್ ಕೈಪಿಡಿ ವಿವರಿಸುತ್ತಿರಲಿಲ್ಲ. ಸಿಕ್ಕಿದ ಒಂದೇ ವಿವರಣೆ 'ಡೋಸ್ ಇನ್‌ಪುಟ್ 2', ಅಂದರೆ ಪ್ರಮಾಣ ಅತಿ ಹೆಚ್ಚು ಅಥವಾ ಅತಿ ಕಡಿಮೆ! ಜೀವ ತೆಗೆಯುವುದಕ್ಕೂ ಚಿಕಿತ್ಸೆ ಸಾಲದೆ ಹೋಗುವುದಕ್ಕೂ ಒಂದೇ ಸಂಖ್ಯೆ. ಡೋಸ್ ಕಡಿಮೆಯಾಯಿತೆಂಬ ಕಾರಣಕ್ಕೆ ಯಂತ್ರ ಕೆಲವು ದಿನ ಸುಮಾರು 40 ಸಲ ನಿಲ್ಲುತ್ತಿತ್ತೆಂದು ಆಪರೇಟರೊಬ್ಬರು ಹೇಳಿದ್ದಾರೆ. ದಿನಕ್ಕೆ ನಲವತ್ತು ಸಲ 'ತೋಳ ಬಂತು' ಎಂದು ಕೂಗುವ ಯಂತ್ರವನ್ನು ಒಂದೇ ಕೀಲಿಯಿಂದ ಸುಮ್ಮನಾಗಿಸುವ ಸೌಲಭ್ಯ ಕೊಟ್ಟವರು ವಿನ್ಯಾಸಕರು. 6 ಯೂನಿಟ್ ಎಂಬ ಅಂಕಿಯೂ ಸುಳ್ಳು: ಅಷ್ಟು ದಟ್ಟ ಕಿರಣಕ್ಕೆ ಅಯಾನ್ ಚೇಂಬರ್ ತುಂಬಿಹೋಗಿ ಕಡಿಮೆ ತೋರಿಸಿತ್ತು.

ಮರುದಿನ ಬಂದ ಎಇಸಿಎಲ್ ಎಂಜಿನಿಯರ್‌ಗಳಿಗೆ 54 ಮತ್ತೆ ಬರಲಿಲ್ಲ. ರೋಗಿಗೆ ವಿದ್ಯುತ್ ಶಾಕ್ ಹೊಡೆದಿರಬಹುದು ಎಂದರು. ಆಸ್ಪತ್ರೆ ಬೇರೆ ಸಂಸ್ಥೆಯಿಂದ ಪರೀಕ್ಷಿಸಿದಾಗ ಅದಕ್ಕೆ ಪುರಾವೆ ಸಿಗಲಿಲ್ಲ. ಏಪ್ರಿಲ್ 7ರಂದು ಯಂತ್ರ ಮತ್ತೆ ಶುರು. ಏಪ್ರಿಲ್ 11ರಂದು ಅದೇ ಆಪರೇಟರ್, ಅದೇ ತಿದ್ದುಪಡಿ, ಅದೇ 54. ಮುಖದ ಚರ್ಮದ ಕ್ಯಾನ್ಸರಿಗೆ ಬಂದಿದ್ದ ಆ ರೋಗಿ ಮೇ 1ರಂದು ತೀರಿಕೊಂಡರು.

ಈ ಸಲ ಆಸ್ಪತ್ರೆಯ ಭೌತವಿಜ್ಞಾನಿ ಕಂಪನಿಯನ್ನು ಕಾಯಲಿಲ್ಲ. ಯಂತ್ರವನ್ನು ತಾವೇ ನಿಲ್ಲಿಸಿ, ಆಪರೇಟರ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂದು ಒತ್ತಿದ ಕೀಗಳನ್ನೇ ಮತ್ತೆ ಮತ್ತೆ ಒತ್ತಿ ನೋಡಿದರು. ಕೀಲಕ ಇದ್ದದ್ದು ಟೈಪಿಂಗ್ ವೇಗದಲ್ಲಿ. ನಿಧಾನವಾಗಿ ತಿದ್ದಿದರೆ ಏನೂ ಆಗದು, ಬೇಗ ತಿದ್ದಿದರೆ 54. ಕಂಪನಿಯ ಎಂಜಿನಿಯರ್‌ಗೂ ಮೊದಲು ಬರಲಿಲ್ಲ. ಬೇಗ ಟೈಪ್ ಮಾಡಬೇಕು ಎಂದು ಹೇಳಿಕೊಟ್ಟ ಮೇಲೆ ಬಂತು. ಅವರು ಅಳೆದಾಗ ಕಿರಣದ ಮಧ್ಯದಲ್ಲಿ 25,000 ರಾಡ್ ಇತ್ತು.

ಎಂಟು ಸೆಕೆಂಡಿನಲ್ಲಿ ಆದದ್ದು

ಆಪರೇಟರ್ ಆರಿಸಿದ ಮೋಡ್ ಮತ್ತು ಶಕ್ತಿ ಎರಡು ಬೈಟ್‌ಗಳ ಒಂದು ವೇರಿಯಬಲ್‌ನಲ್ಲಿ ಕೂರುತ್ತಿತ್ತು. ಮೇಲಿನ ಬೈಟ್ ನೋಡಿಕೊಂಡು ಒಂದು ರೂಟೀನ್ ಕಿರಣದ ಎಲ್ಲ ನಿಯತಾಂಕಗಳನ್ನು ಹೊಂದಿಸುತ್ತಿತ್ತು. ಕೆಳಗಿನ ಬೈಟ್ ನೋಡಿಕೊಂಡು ಇನ್ನೊಂದು ಟಾಸ್ಕ್ ತಟ್ಟೆಯನ್ನು ತಿರುಗಿಸುತ್ತಿತ್ತು. ಎರಡೂ ಏಕಕಾಲಕ್ಕೆ ಓಡುತ್ತಿದ್ದವು. ಹಂಚಿಕೊಂಡ ಆ ವೇರಿಯಬಲ್‌ಗೆ ಕಾವಲಿರಲಿಲ್ಲ.

ಕರ್ಸರ್ ಕೊನೆಯ ಸಾಲಿಗೆ ಮುಟ್ಟಿದರೆ ವಿವರ ತುಂಬಿ ಮುಗಿಯಿತು ಎಂದು ಫ್ಲ್ಯಾಗ್ (ಹೌದು-ಅಲ್ಲ ಹೇಳುವ ಗುರುತು) ಏರುತ್ತಿತ್ತು. ಆಪರೇಟರ್ ಅಲ್ಲಿಂದ ಮೇಲೆ ಹೋದರೂ ಅದು ಇಳಿಯುತ್ತಿರಲಿಲ್ಲ. ಫ್ಲ್ಯಾಗ್ ಏರಿದ ಕೂಡಲೇ, 'ಎಕ್ಸ್' ಎಂದಿದ್ದಾಗಲೇ, ಎಕ್ಸ್-ರೇಯ ನೂರು ಪಟ್ಟು ಕರೆಂಟಿನ ನಿಯತಾಂಕಗಳು ನಿಗದಿಯಾದವು. ಕಿರಣ ಬಾಗಿಸುವ ಮ್ಯಾಗ್ನೆಟ್‌ಗಳನ್ನು ಹೊಂದಿಸುವ ಕೆಲಸ ಶುರುವಾಯಿತು. ಅದಕ್ಕೆ ಸುಮಾರು ಎಂಟು ಸೆಕೆಂಡು. ಕಾಯುವಾಗ ತಿದ್ದುಪಡಿ ಬಂದಿದೆಯೇ ಎಂದು ನೋಡುವ ವ್ಯವಸ್ಥೆ ಇತ್ತು. ಆದರೆ ಅದನ್ನು ನಿಯಂತ್ರಿಸುವ ಫ್ಲ್ಯಾಗ್ ಮೊದಲ ಮ್ಯಾಗ್ನೆಟ್ ಮುಗಿದ ಕೂಡಲೇ ಅಳಿಯುತ್ತಿತ್ತು. ಉಳಿದ ಮ್ಯಾಗ್ನೆಟ್‌ಗಳ ಹೊತ್ತಿನಲ್ಲಿ ಬಂದ ತಿದ್ದುಪಡಿಗೆ ಈ ಕಡೆ ಕುರುಡು. ಪರದೆ ಮತ್ತು ತಟ್ಟೆ ತಿದ್ದಿದ 'ಇ'ಯನ್ನು ಪಾಲಿಸಿದವು. ಕರೆಂಟು 'ಎಕ್ಸ್'ನಲ್ಲೇ ಉಳಿಯಿತು. ಫ್ಲ್ಯಾಗನ್ನು ಎಲ್ಲ ಮ್ಯಾಗ್ನೆಟ್ ಮುಗಿದ ಮೇಲೆ ಅಳಿಸುವುದು, ಅಷ್ಟೇ ಆ ದೋಷದ ರಿಪೇರಿ.

ಟೈಪಿಂಗ್ ಇಷ್ಟು ವೇಗವಾದದ್ದಕ್ಕೂ ವಿನ್ಯಾಸದ ಪಾಲಿದೆ. ಮೊದಲು ಚಿಕಿತ್ಸಾ ಕೋಣೆಯಲ್ಲಿ ಹೊಂದಿಸಿದ್ದನ್ನೆಲ್ಲ ಆಪರೇಟರ್ ಹೊರಗೆ ಪುನಃ ಟೈಪ್ ಮಾಡಬೇಕಿತ್ತು, ಎರಡೂ ತಾಳೆಯಾಗಬೇಕಿತ್ತು. ಬೇಸರದ ಕೆಲಸವೆಂದು ದೂರು ಬಂದ ಮೇಲೆ ರಿಟರ್ನ್ ಒತ್ತಿದರೆ ಒಳಗಿನ ಮೌಲ್ಯ ತಾನೇ ನಕಲಾಗುವಂತೆ ಬದಲಿಸಿದರು. ಎರಡನೆಯ ಸಲದ ಪರಿಶೀಲನೆ ರಿಟರ್ನ್ ಕೀಯ ಟಕಟಕ ಸದ್ದಾಯಿತು.

ಟೇಪು ಮತ್ತು 256

ಏಪ್ರಿಲ್ 15ರಂದು ಎಇಸಿಎಲ್ ಆಸ್ಪತ್ರೆಗಳಿಗೆ ಕಳಿಸಿದ ಪತ್ರ ಹೇಳಿದ ಪರಿಹಾರ: ಕರ್ಸರನ್ನು ಮೇಲೆ ಒಯ್ಯುವ ಕೀಯ ಟೋಪಿ ಕಿತ್ತು, ಕೆಳಗಿನ ಸ್ವಿಚ್ಚಿಗೆ ಎಲೆಕ್ಟ್ರಿಕಲ್ ಟೇಪ್ ಸುತ್ತಿ. ತುರ್ತಿಗೆ ಅದು ಕೆಲಸ ಮಾಡುತ್ತಿತ್ತು, ಆ ಬಗ್ಗೆ ತಕರಾರಿಲ್ಲ. ಏಕೆ ಸುತ್ತಬೇಕು, ಸುತ್ತದಿದ್ದರೆ ಏನಾಗುತ್ತದೆ ಎಂಬುದು ಪತ್ರದಲ್ಲಿರಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನೇ ಆಕ್ಷೇಪಿಸಿ, ಮೇ 2ರಂದು ಯಂತ್ರವನ್ನು ದೋಷಪೂರಿತ ಎಂದು ಘೋಷಿಸಿ, ತಿದ್ದುಪಡಿ ಯೋಜನೆ ಕೇಳಿತು. ಆಗ ಉಪಕರಣದ ಅಪಘಾತಗಳನ್ನು ವರದಿ ಮಾಡುವ ಕಡ್ಡಾಯ ತಯಾರಕರಿಗೆ ಮಾತ್ರ ಇತ್ತು. ಆಸ್ಪತ್ರೆಗಳನ್ನು ಅದಕ್ಕೆ ಒಳಪಡಿಸುವ ಕಾನೂನು ಬಂದದ್ದು 1990ರಲ್ಲಿ. ಒಂದು ಆಸ್ಪತ್ರೆಯ ಸಂಕಟ ಇನ್ನೊಂದಕ್ಕೆ ತಿಳಿಯಬೇಕಾದರೆ ತಯಾರಕರೇ ಹೇಳಬೇಕಿತ್ತು.

ಯೋಜನೆಯ ಕಡತ ಅತ್ತಿತ್ತ ಓಡಾಡುತ್ತಿರುವಾಗಲೇ, 1987ರ ಜನವರಿ 17ರಂದು ಯಾಕಿಮಾದಲ್ಲಿ ಆರನೆಯ ಅಪಘಾತ. ಕೊಡಬೇಕಿದ್ದದ್ದು ಫಿಲ್ಮ್ ಪರೀಕ್ಷೆ ಸೇರಿ 86 ರಾಡ್. ಬಿದ್ದದ್ದು 8,000ದಿಂದ 10,000 ಎಂದು ಅಂದಾಜು. ಇದು ಟೈಲರ್‌ನ ದೋಷವೇ ಅಲ್ಲ. ತಟ್ಟೆಯ ಸ್ಥಾನ ಪರೀಕ್ಷಿಸಬೇಕೇ ಎಂದು ತಿಳಿಸುವ ಒಂದು ಬೈಟಿನ ವೇರಿಯಬಲ್ ಇತ್ತು. ಸೊನ್ನೆಯಲ್ಲದಿದ್ದರೆ ಪರೀಕ್ಷಿಸು, ಸೊನ್ನೆಯಾದರೆ ಬಿಡು. ಸಿದ್ಧತೆಯ ರೂಟೀನ್ ನೂರಾರು ಸಲ ಸುತ್ತುವಾಗ ಪ್ರತಿ ಸಲವೂ ಅದಕ್ಕೆ 1 ಎಂದು ಬರೆಯುವ ಬದಲು ಒಂದನ್ನು ಕೂಡಿಸುತ್ತಿತ್ತು. ಒಂದು ಬೈಟಿಗೆ 255 ಗರಿಷ್ಠ. 256ನೆಯ ಸುತ್ತಿಗೆ ಮತ್ತೆ ಸೊನ್ನೆ. ಆ ಒಂದು ಕ್ಷಣದಲ್ಲೇ 'ಸೆಟ್' ಗುಂಡಿ ಒತ್ತಿದರೆ ಪರೀಕ್ಷೆ ತಪ್ಪುತ್ತದೆ. ತಟ್ಟೆ ಕನ್ನಡಿಯ ಸ್ಥಾನದಲ್ಲಿತ್ತು, ಟಾರ್ಗೆಟ್ಟೂ ಇಲ್ಲ, ಹರಡುವ ಮ್ಯಾಗ್ನೆಟ್ಟೂ ಇಲ್ಲ. ರೋಗಿ ಏಪ್ರಿಲ್‌ನಲ್ಲಿ ತೀರಿಕೊಂಡರು.

ಎರಡು ಬೇರೆ ಬೇರೆ ದೋಷ, ಒಂದೇ ಅಪಘಾತ. ಆದ್ದರಿಂದಲೇ ದೋಷ ಹುಡುಕಿ ಹುಡುಕಿ ತಿದ್ದುವುದು ಇಲ್ಲಿ ಪರಿಹಾರವಾಗುತ್ತಿರಲಿಲ್ಲ. ಮೂರನೆಯದು ಇರಲಾರದೆಂದು ಹೇಳಬಲ್ಲವರು ಯಾರು? 1987ರ ಫೆಬ್ರವರಿಯಲ್ಲಿ ಯಂತ್ರಗಳನ್ನು ನಿಲ್ಲಿಸುವಂತೆ ಎಫ್‌ಡಿಎ ಸೂಚಿಸಿತು. ಅಂತಿಮ ಯೋಜನೆಯ ಇಪ್ಪತ್ತಕ್ಕೂ ಹೆಚ್ಚು ಬದಲಾವಣೆಗಳಲ್ಲಿ ಮುಖ್ಯವಾದವು ಸಾಫ್ಟ್‌ವೇರಿನವಲ್ಲ. ಒಂದೇ ಪಲ್ಸ್‌ನಲ್ಲಿ ಪ್ರಮಾಣ ಮೀರಿದರೆ ಕಂಪ್ಯೂಟರನ್ನು ಕೇಳದೆ ಕಿರಣ ಕಡಿಯುವ ಸರ್ಕೀಟು, ತಟ್ಟೆಯ ಸ್ಥಾನವನ್ನು ಬೇರೆಯಾಗಿ ಹೇಳುವ ಪೊಟೆನ್ಶಿಯೋಮೀಟರ್, ಕಾಲು ತೆಗೆದರೆ ಚಲನೆ ನಿಲ್ಲಿಸುವ ಪೆಡಲ್. ಬಿಟ್ಟುಹೋದ ಬೀಗಗಳೇ ಬೇರೆ ರೂಪದಲ್ಲಿ ವಾಪಸು ಬಂದವು.

ಹೊಣೆ ಯಾವ ದಿನದ್ದು

ಫ್ಲ್ಯಾಗನ್ನು ತಪ್ಪು ಜಾಗದಲ್ಲಿ ಅಳಿಸಿದ್ದು ಯಾರಿಂದಲೂ ಆಗಬಹುದಾದ ತಪ್ಪು. ಅದಕ್ಕಾಗಿ ಪ್ರೋಗ್ರಾಮರ್‌ನನ್ನು ಕಟಕಟೆಗೆ ಎಳೆಯುವುದರಲ್ಲಿ ಅರ್ಥವಿಲ್ಲ. ಹೊಣೆ ಹುಟ್ಟುವುದು ಮೂರು ಕಡೆ. ಇಂಟರ್‌ಲಾಕ್ ಬೇಡವೆಂದು ನಿರ್ಧರಿಸಿದ ದಿನ, ಹಳೆಯ ಕೋಡು ಈಗ ಹೊಸ ಕೆಲಸಕ್ಕೆ ಸೇರಿದೆ ಎಂದು ಸಾಫ್ಟ್‌ವೇರ್ ಬಲ್ಲವರು ಹೇಳಬೇಕಿತ್ತು. ಸಾಫ್ಟ್‌ವೇರ್ ಕೊಂಬೆಯಿಲ್ಲದ ಫಾಲ್ಟ್ ಟ್ರೀಗೆ ಸಹಿ ಬೀಳುವಾಗ ತಡೆಯಬೇಕಿತ್ತು. ಕೆನೆಸ್ಟೋನ್‌ನ ಫೋನ್ ಬಂದಾಗ 'ಸಾಧ್ಯವಿಲ್ಲ' ಎನ್ನುವ ಬದಲು 'ನಮಗೆ ಗೊತ್ತಿಲ್ಲ, ಗೊತ್ತಾಗುವವರೆಗೆ ನಿಲ್ಲಿಸಿ' ಎನ್ನಬೇಕಿತ್ತು. ನಮ್ಮ ಲೆಕ್ಕಕ್ಕೆ ಮೂರರಲ್ಲಿ ಕೊನೆಯದೇ ಭಾರಿ. ಮೊದಲೆರಡು ಮುಂದಾಲೋಚನೆಯ ಕೊರತೆ. ಮೂರನೆಯದರ ಹೊತ್ತಿಗೆ ಸುಟ್ಟ ಮೈ ಎದುರಿಗಿತ್ತು.

ಇಂದು ವೈದ್ಯಕೀಯ ಸಾಫ್ಟ್‌ವೇರಿಗೆ 2006ರ ಐಇಸಿ 62304 ಮಾನದಂಡವಿದೆ. ಭಾರತದಲ್ಲಿ 2020ರಿಂದ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗಿದೆ. ಬೆಂಗಳೂರಿನಲ್ಲಿ ಕೂತು ಸ್ಕ್ಯಾನರ್, ಇನ್‌ಫ್ಯೂಷನ್ ಪಂಪುಗಳ ಕೋಡು ಬರೆಯುವವರಿಗೆ ಈ ಕಾಗದಗಳು ಪರಿಚಿತ. ಕಾಗದ ತುಂಬಿದ್ದರೂ ಕೇಳಿಕೊಳ್ಳಬೇಕಾದವು ಉಳಿಯುತ್ತವೆ. ಫೀಲ್ಡಿನಿಂದ ಬಂದ ದೂರು ಕೋಡು ಬರೆದವರ ಮೇಜಿಗೆ ಎಷ್ಟು ದಿನದಲ್ಲಿ ಮುಟ್ಟುತ್ತದೆ? ಮರುಕಳಿಸದ ದೋಷವನ್ನು ಮುಚ್ಚುವ ಅಧಿಕಾರ ಯಾರಿಗಿದೆ? ಬಳಕೆದಾರರು ದಿನಕ್ಕೆ ಎಷ್ಟು ಎಚ್ಚರಿಕೆಗಳನ್ನು ಓದದೆ ದಾಟುತ್ತಾರೆ, ಅದನ್ನು ಎಣಿಸುವವರು ಇದ್ದಾರೆಯೇ?

ಕೊನೆಯ ಪ್ರಶ್ನೆಗೆ ಈ ಪ್ರಕರಣದಲ್ಲೇ ಒಂದು ಅಡಿಟಿಪ್ಪಣಿಯಿದೆ. ಟೈಲರ್ ಸುದ್ದಿ ಹರಡಿದ ಮೇಲೆ, 1986ರ ಜೂನ್‌ನಲ್ಲಿ, ಶಿಕಾಗೋ ವಿಶ್ವವಿದ್ಯಾಲಯದ ಭೌತವಿಜ್ಞಾನಿಯೊಬ್ಬರು ತಮ್ಮಲ್ಲಿದ್ದ ಹಳೆಯ ಥೆರಾಕ್-20ರಲ್ಲಿ ಅದೇ ತಿದ್ದುಪಡಿ ಮಾಡಿ ನೋಡಿದರು. ಅದೇ ದೋಷ ಅಲ್ಲೂ ಇತ್ತು. ಆ ಯಂತ್ರದಲ್ಲಿ ಬೀಗಗಳಿದ್ದವಾದ್ದರಿಂದ ಕಿರಣ ಹೊರಡದೆ ಫ್ಯೂಸ್ ಹೋಗುತ್ತಿತ್ತು. ಹೊಸ ವಿದ್ಯಾರ್ಥಿಗಳ ತಂಡ ಬಂದು ಕೀಬೋರ್ಡಿನಲ್ಲಿ ಕೈ ಪಳಗಿಸುವ ವಾರಗಳಲ್ಲಿ ಫ್ಯೂಸು, ಬ್ರೇಕರು ವಾರಕ್ಕೆ ಮೂರು ಸಲ ಹೋಗುತ್ತಿದ್ದವು, ಆಮೇಲೆ ತಾನಾಗಿ ಕಡಿಮೆಯಾಗುತ್ತಿತ್ತು, ಮುಂದಿನ ತಂಡ ಬಂದಾಗ ಮತ್ತೆ ಶುರು. ಪ್ರತಿ ಸಲವೂ ಹೊಸ ಫ್ಯೂಸ್ ಹಾಕಿ ಕೆಲಸ ಮುಂದುವರಿಸುತ್ತಿದ್ದರು.